ಶಿಕಾಗೊದ ಕಟ್ಟಡಗಳು: ಬಸ್ಸಿನಿಂದ ಏನು ನೋಡಬೇಕು, ನಡೆದೇ ಏನು ನೋಡಬೇಕು

ಶಿಕಾಗೊದಲ್ಲಿ ಕಟ್ಟಡಗಳ ಬಸ್ ಪ್ರವಾಸಕ್ಕೆ ಟಿಕೆಟ್ ತೆಗೆಯುವ ಮೊದಲು ಒಂದು ವಿಷಯ ತಿಳಿದಿರಲಿ: ಗಗನಚುಂಬಿಗಳನ್ನು ನೋಡಲು ಬಸ್ಸು ಹತ್ತಬಾರದು. ಕಿಟಕಿಯ ಮೇಲಂಚು ನೋಟವನ್ನು ನಾಲ್ಕೈದನೇ ಮಹಡಿಗೇ ತಡೆಯುತ್ತದೆ. 110 ಮಹಡಿಯ ವಿಲ್ಲಿಸ್ ಟವರಿನ ಬುಡದಲ್ಲಿ ಬಸ್ಸು ನಿಂತರೂ ಕಾಣುವುದು ಬಾಗಿಲು, ಕಂಬ ಮತ್ತು ಓಡಾಡುವ ಜನ ಮಾತ್ರ. ಊರ ನಡುವಿನ ಲೂಪ್ ಪ್ರದೇಶವನ್ನು ನಡೆದು ನೋಡಿ, ನದಿ ದಂಡೆಯ ಎತ್ತರದ ಕಟ್ಟಡಗಳನ್ನು ದೋಣಿಯಿಂದ ನೋಡಿ. ಬಸ್ಸು ನಿಜವಾಗಿ ಬೇಕಾಗುವುದು ದಕ್ಷಿಣದ ಬಡಾವಣೆಗಳಿಗೆ: ಪ್ರೇರಿ ಅವೆನ್ಯೂ, ಬ್ರಾನ್ಜ್‌ವಿಲ್, ಹೈಡ್ ಪಾರ್ಕ್, ಪುಲ್‌ಮನ್. ಇವು ಒಂದಕ್ಕೊಂದು ಮೈಲುಗಟ್ಟಲೆ ದೂರದಲ್ಲಿವೆ. ಮನೆಗಳ ಎತ್ತರ ಎರಡು, ಮೂರು ಮಹಡಿಯಷ್ಟೇ ಆದ್ದರಿಂದ ಕಿಟಕಿಯಲ್ಲಿ ಪೂರ್ತಿ ಹಿಡಿಸುತ್ತವೆ.

ಕಟ್ಟಡ ತೋರಿಸುವ ಬಸ್ಸುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ತೆರೆದ ಮಹಡಿಯ ಡಬಲ್ ಡೆಕ್ಕರ್. ಬೇಕಾದಲ್ಲಿ ಇಳಿದು ಮುಂದಿನ ಬಸ್ಸು ಹಿಡಿಯಬಹುದು. ಇದರಿಂದ ತಲೆಯೆತ್ತಿ ನೋಡಬಹುದು ನಿಜ, ಆದರೆ ಹೆಚ್ಚಾಗಿ ಊರ ನಡುವಿನ ಪ್ರಸಿದ್ಧ ಜಾಗಗಳನ್ನೇ ಸುತ್ತುತ್ತದೆ, ವಿವರಣೆಯೂ ಮೇಲುಮೇಲಿನದು. ಇನ್ನೊಂದು, ಮಾರ್ಗದರ್ಶಕರೊಂದಿಗೆ ಹೊರಟು ಅದೇ ಜನರೊಂದಿಗೆ ಮರಳುವ ಮುಚ್ಚಿದ ಕೋಚ್. ಶಿಕಾಗೊ ಆರ್ಕಿಟೆಕ್ಚರ್ ಸೆಂಟರ್ ನಡೆಸುವುದು ಈ ಬಗೆಯದು. 1966ರಲ್ಲಿ, ಪ್ರೇರಿ ಅವೆನ್ಯೂವಿನ ಗ್ಲೆಸ್ನರ್ ಮನೆಯನ್ನು ಕೆಡವದಂತೆ ಉಳಿಸಿಕೊಳ್ಳಲು ಸೇರಿದ ಜನರಿಂದ ಹುಟ್ಟಿದ ಸಂಸ್ಥೆ ಇದು. ಇಲ್ಲಿ ವಿವರಿಸುವವರು ಡೊಸೆಂಟ್ ಎಂದು ಕರೆಯಿಸಿಕೊಳ್ಳುವ ಸ್ವಯಂಸೇವಕರು. ಕಠಿಣ ತರಬೇತಿ ಮುಗಿಸಿದವರು, ಈ ಊರನ್ನು ಮನಸಾರೆ ಪ್ರೀತಿಸುವವರು. ಕಟ್ಟಡವೇ ಮುಖ್ಯ ಎನ್ನುವವರು ಎರಡನೆಯದನ್ನೇ ಆರಿಸಿಕೊಳ್ಳಿ.

ಟಿಕೆಟ್ ತೆಗೆಯುವಾಗ ಪಟ್ಟಿಯಲ್ಲಿ ಎಷ್ಟು ಕಟ್ಟಡಗಳ ಹೆಸರಿದೆ ಎಂದು ಎಣಿಸಬೇಡಿ. ಎಷ್ಟು ಕಡೆ ಇಳಿಸುತ್ತಾರೆ, ಎಷ್ಟು ಕಟ್ಟಡಗಳ ಒಳಗೆ ಹೋಗಲು ಬಿಡುತ್ತಾರೆ, ಒಳಪ್ರವೇಶದ ಶುಲ್ಕ ಟಿಕೆಟ್ಟಿನಲ್ಲೇ ಸೇರಿದೆಯೇ ಎಂದು ನೋಡಿ. "ಹಾದು ಹೋಗುತ್ತೇವೆ" ಅಂದರೆ ಹತ್ತು ಸೆಕೆಂಡಿನ ನೋಟ. ಅರ್ಧ ದಿನದ ಪ್ರವಾಸದಲ್ಲಿ ಮೂರು ಕಡೆಯಾದರೂ ಇಳಿಸದಿದ್ದರೆ ಅದಕ್ಕೆ ಹಣ ಕೊಡುವುದು ದಂಡ.

ಬಸ್ಸಿನ ಹಿಂದಿನ ದಿನ ಲೂಪಿನಲ್ಲಿ ಒಂದೆರಡು ಗಂಟೆ ನಡೆದರೆ ಮರುದಿನ ಕೇಳುವ ಮಾತೆಲ್ಲ ತಲೆಗೆ ಹತ್ತುತ್ತದೆ. ನೋಡಲೇಬೇಕಾದದ್ದು ಜಾಕ್ಸನ್ ಮತ್ತು ಡಿಯರ್‌ಬಾರ್ನ್ ರಸ್ತೆ ಸೇರುವಲ್ಲಿರುವ ಮೊನಾಡ್‌ನಾಕ್ ಕಟ್ಟಡ. ಉತ್ತರದ ಅರ್ಧ 1891ರದು, ಭಾರವನ್ನೆಲ್ಲ ಇಟ್ಟಿಗೆ ಗೋಡೆಯೇ ಹೊರುತ್ತದೆ. ಹದಿನಾರು ಮಹಡಿ ಹೊರಬೇಕಾದ್ದರಿಂದ ಬುಡದಲ್ಲಿ ಗೋಡೆ ಆರು ಅಡಿ ದಪ್ಪ. ದಕ್ಷಿಣದ ಅರ್ಧ 1893ರದು, ಒಳಗೆ ಉಕ್ಕಿನ ಚೌಕಟ್ಟು, ಗೋಡೆ ಬರೀ ಹೊದಿಕೆ. ಎರಡೇ ವರ್ಷದ ಅಂತರದಲ್ಲಿ ಕಟ್ಟುವ ವಿಧಾನವೇ ಬದಲಾದದ್ದು ಒಂದೇ ಗೋಡೆಯ ಉದ್ದಕ್ಕೂ ಕಾಣುತ್ತದೆ. ಕೆಳಗಿನ ಮಣ್ಣು ಮೆತ್ತನೆಯ ಜೇಡಿ. ಕಟ್ಟಡ 8 ಇಂಚು ಕುಸಿಯಬಹುದೆಂದು ಮೊದಲೇ ಲೆಕ್ಕ ಹಾಕಿ ಕಟ್ಟಿದ್ದರು, ಆದರೆ ಅದು 20 ಇಂಚಿನವರೆಗೆ ಇಳಿಯಿತು. ಶಿಕಾಗೊ ಯಾಕೆ ಉಕ್ಕಿನ ಹಗುರ ಚೌಕಟ್ಟಿಗೆ ಅಷ್ಟು ಬೇಗ ಹೊರಳಿತು ಎಂಬುದಕ್ಕೆ ಈ ಮಣ್ಣೂ ಒಂದು ಕಾರಣ. ಅಲ್ಲಿಂದ ಹತ್ತಿರದಲ್ಲೇ ಲಾಸಾಲ್ ರಸ್ತೆಯ ರೂಕರಿ (1888). ಅದರ ಗಾಜಿನ ಮಾಡಿನ ಲಾಬಿಯನ್ನು 1905ರಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಹೊಸದಾಗಿ ರೂಪಿಸಿದರು. ಇದು ಕಚೇರಿಗಳ ಕಟ್ಟಡವಾದ್ದರಿಂದ ಕೆಲಸದ ದಿನಗಳಲ್ಲಿ ಹೋಗುವುದು ಕ್ಷೇಮ.

ಇನ್ನೊಂದು ಪೂರ್ವಸಿದ್ಧತೆ ವಿಳಾಸದ ಲೆಕ್ಕ. ಸ್ಟೇಟ್ ಮತ್ತು ಮ್ಯಾಡಿಸನ್ ರಸ್ತೆಗಳು ಕೂಡುವ ಜಾಗ ಈ ಊರಿನ ಸೊನ್ನೆ. ಅಲ್ಲಿಂದ ನಾಲ್ಕೂ ದಿಕ್ಕಿಗೆ ಮನೆ ನಂಬರು ಏರುತ್ತ ಹೋಗುತ್ತದೆ, ಒಂದು ಮೈಲಿಗೆ 800ರಂತೆ (ದಕ್ಷಿಣದ ಮೊದಲ ಮೂರು ಮೈಲಿಯಲ್ಲಿ ಮಾತ್ರ ಲೆಕ್ಕ ಸ್ವಲ್ಪ ಬೇರೆ). ಇದು ಗೊತ್ತಿದ್ದರೆ ಪ್ರವಾಸದ ನಂತರದ ಯೋಜನೆ ಕೆಡುವುದಿಲ್ಲ. ಉದಾಹರಣೆಗೆ, ಭಾರತೀಯ ಹೋಟೆಲುಗಳಿರುವ ಡೆವನ್ ಅವೆನ್ಯೂ ಉತ್ತರದ 6400ರಲ್ಲಿದೆ, ಅಂದರೆ ಎಂಟು ಮೈಲಿ ಮೇಲೆ. ಹೈಡ್ ಪಾರ್ಕ್ ದಕ್ಷಿಣದ 5000ರಾಚೆ. "ಹೈಡ್ ಪಾರ್ಕ್ ಮುಗಿಸಿ ಡೆವನ್‌ನಲ್ಲಿ ಊಟ" ಎಂದು ಬರೆದುಕೊಂಡು ಹೋದವರು ಊರನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು.

ಹೆಚ್ಚು ಜನ ಬಸ್ಸು ತಪ್ಪಿಸಿಕೊಳ್ಳುವುದು ವ್ಯಾಕರ್ ಡ್ರೈವಿನಲ್ಲಿ. ಕೋಚ್ ಹೊರಡುವ ಆರ್ಕಿಟೆಕ್ಚರ್ ಸೆಂಟರ್ ಇರುವುದು 111, ಈಸ್ಟ್ ವ್ಯಾಕರ್ ಡ್ರೈವ್. ಈ ರಸ್ತೆಗೆ ಮೇಲೊಂದು, ಅದರ ಕೆಳಗೊಂದು ಅಂತಸ್ತು ಇದೆ, ಹೆಸರು ಎರಡಕ್ಕೂ ಒಂದೇ. ಕೆಳಗಿನದಕ್ಕೆ ಇಳಿದರೆ ಮೊಬೈಲಿನ ಜಿಪಿಎಸ್ ದಾರಿ ತಪ್ಪುತ್ತದೆ. ಆ್ಯಪ್‌ನಲ್ಲಿ ಕರೆದ ಕಾರು ಅನೇಕ ಸಲ ನಿಮ್ಮನ್ನು ಕೆಳಗಿನ ಕತ್ತಲ ರಸ್ತೆಯಲ್ಲೇ ಇಳಿಸಿ ಹೋಗುತ್ತದೆ. ಚಾಲಕರಿಗೆ "ಅಪ್ಪರ್ ವ್ಯಾಕರ್, ಮಿಶಿಗನ್ ಅವೆನ್ಯೂ ಸೇತುವೆ ಹತ್ತಿರ" ಎಂದು ಬಾಯಿ ಬಿಟ್ಟು ಹೇಳಿ. ಹೊರಡುವ ಹೊತ್ತಿಗೆ ಅರ್ಧ ಗಂಟೆ ಮೊದಲೇ ಇರಿ. ಕೋಚ್ ಯಾರಿಗೂ ಕಾಯುವುದಿಲ್ಲ, ಯಾಕೆಂದರೆ ಒಳಗೆ ನೋಡುವ ಮನೆಗಳಿಗೆ ಗುಂಪಿನ ಸಮಯ ಮೊದಲೇ ಗೊತ್ತಾಗಿರುತ್ತದೆ. ಬೇಗ ಬಂದರೆ ನಷ್ಟವಿಲ್ಲ: ಸೆಂಟರಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕಟ್ಟಡಗಳಿರುವ ಊರಿನ ಮಾದರಿ ಇದೆ. ಬಸ್ಸು ಹೋಗುವ ದಿಕ್ಕನ್ನು ಅದರ ಮೇಲೊಮ್ಮೆ ಬೆರಳಾಡಿಸಿ ನೋಡಿಕೊಂಡರೆ ಮುಂದೆ ಎಲ್ಲಿದ್ದೇವೆ ಎಂಬ ಗೊಂದಲ ಬರುವುದಿಲ್ಲ.

ಸೀಟು ಎಡಗಡೆಯದೇ ಹಿಡಿಯಿರಿ. ಅಮೆರಿಕದಲ್ಲಿ ಬಸ್ಸು ರಸ್ತೆಯ ಬಲಕ್ಕೆ ಓಡುತ್ತದೆ. ಬಲಗಡೆಯ ಕಿಟಕಿಗೆ ಕಟ್ಟಡ ತೀರ ಅಂಟಿಕೊಂಡು ಬುಡ ಮಾತ್ರ ಕಾಣುತ್ತದೆ. ಎಡಗಡೆಯವರಿಗೆ ಇಡೀ ರಸ್ತೆಯ ಅಗಲ ನಡುವೆ ಸಿಗುವುದರಿಂದ ಎದುರುಸಾಲಿನ ಮನೆ ನೆತ್ತಿಯವರೆಗೆ ಕಾಣುತ್ತದೆ. ಸರೋವರದ ದಂಡೆಯ ಡುಸೇಬಲ್ ಲೇಕ್ ಶೋರ್ ಡ್ರೈವಿನಲ್ಲಿ ದಕ್ಷಿಣಕ್ಕೆ ಹೋಗುವಾಗ ಎಡಕ್ಕೆ ಮಿಶಿಗನ್ ಸರೋವರ. ಮರಳುವಾಗ ಊರಿನ ಎತ್ತರದ ಸಾಲು ಎಡಮುಂಭಾಗದಲ್ಲೇ ಏಳುತ್ತದೆ. ಮುಂದಿನಿಂದ ಎರಡು ಅಥವಾ ಮೂರನೇ ಸಾಲು ಒಳ್ಳೆಯದು, ಇಂಗ್ಲಿಷ್ ವೇಗವಾಗಿ ಕೇಳಿ ರೂಢಿ ಇಲ್ಲದವರಿಗಂತೂ ಮುಂದೆ ಕೂತರೇ ಮಾತು ಸ್ಪಷ್ಟ. ಕೋಚಿನ ಗಾಜಿಗೆ ಬಣ್ಣವಿರುತ್ತದೆ, ಬಿಳಿ ಅಂಗಿ ತೊಟ್ಟರೆ ಫೋಟೊದಲ್ಲಿ ನಿಮ್ಮದೇ ಪ್ರತಿಬಿಂಬ ಬೀಳುತ್ತದೆ. ಗಾಢ ಬಣ್ಣ ತೊಡಿ, ಮೊಬೈಲಿನ ಲೆನ್ಸನ್ನು ಗಾಜಿಗೆ ತಾಗಿಸಿ ಹಿಡಿಯಿರಿ.

ದಕ್ಷಿಣಕ್ಕೆ ಹೊರಟ ಬಸ್ಸಿನಲ್ಲಿ ಬ್ರಾನ್ಜ್‌ವಿಲ್ ಬಂದಾಗ ಕಣ್ಣು ತೆರೆದಿರಲಿ. ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪು ಜನರು ಕಟ್ಟಿಕೊಂಡ ಊರಿದು. ಕಿಂಗ್ ಡ್ರೈವ್ 26ನೇ ರಸ್ತೆಯ ಹತ್ತಿರ ನಿಂತ ಕಂಚಿನ ಮನುಷ್ಯನ ಬಟ್ಟೆಯೆಲ್ಲ ಸವೆದ ಬೂಟಿನ ಅಟ್ಟೆಗಳು. ಕೈಯಲ್ಲಿ ಹಗ್ಗ ಕಟ್ಟಿದ ಪೆಟ್ಟಿಗೆ, ಮುಖ ಉತ್ತರಕ್ಕೆ. ಆ ಮೂರ್ತಿಯನ್ನು ಮಾಡಿದವರು ಶಿಲ್ಪಿ ಆ್ಯಲಿಸನ್ ಸಾರ್. ಬಸ್ಸು ನಿಲ್ಲದಿದ್ದರೆ ಗುರುತಿಸುವಷ್ಟರಲ್ಲಿ ದಾಟಿಹೋಗುತ್ತದೆ, ಆದ್ದರಿಂದ 26ನೇ ರಸ್ತೆಯ ಫಲಕ ಬರುವ ಮೊದಲೇ ನೋಡುತ್ತಿರಿ. ಅದೇ ರಸ್ತೆಯಲ್ಲಿ ಮುಂದೆ ಸಿಗುವ ಬೂದು ಕಲ್ಲಿನ ಮುಖದ ಮನೆಗಳನ್ನು ಗ್ರೇಸ್ಟೋನ್ ಎನ್ನುತ್ತಾರೆ. ಮುಂಭಾಗಕ್ಕೆ ಮಾತ್ರ ಇಂಡಿಯಾನಾದ ಸುಣ್ಣಕಲ್ಲು, ಪಕ್ಕ ಮತ್ತು ಹಿಂದೆ ಸಾಮಾನ್ಯ ಇಟ್ಟಿಗೆ; ಎರಡು ಮನೆಗಳ ನಡುವಿನ ಸಂದಿಯಲ್ಲಿ ಇಣುಕಿದರೆ ಗೊತ್ತಾಗುತ್ತದೆ.

ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ನೋಡಬೇಕಾದದ್ದು ವಾಸ್ತುಶಿಲ್ಪಿ ಮೀಸ್ ವಾನ್ ಡೆರ್ ರೋ ಅವರ ಕ್ರೌನ್ ಹಾಲ್ (1956). 220 ಅಡಿ ಉದ್ದ, 120 ಅಡಿ ಅಗಲದ ಒಂದೇ ಕೋಣೆ, ಒಳಗೆ ಒಂದೂ ಕಂಬವಿಲ್ಲ. ಮಾಡನ್ನು ಹೊತ್ತಿರುವ ನಾಲ್ಕು ದೊಡ್ಡ ಉಕ್ಕಿನ ತೊಲೆಗಳು ಮಾಡಿನ ಮೇಲೆ, ಹೊರಗಡೆ ಇವೆ. ಬಸ್ಸಿನಿಂದ ಇಳಿದು ಇಪ್ಪತ್ತು ಹೆಜ್ಜೆ ಹಿಂದೆ ಸರಿದರೆ ಮಾತ್ರ ಅವು ಕಣ್ಣಿಗೆ ಬೀಳುತ್ತವೆ. ಇದು ಇಂದಿಗೂ ಆರ್ಕಿಟೆಕ್ಚರ್ ಕಲಿಯುವ ಮಕ್ಕಳ ತರಗತಿ, ಒಳಗೆ ಬಿಡುವುದು ಅವರ ಕೆಲಸ ನೋಡಿಕೊಂಡು.

ಹೈಡ್ ಪಾರ್ಕಿನ ರೋಬಿ ಹೌಸ್‌ಗೆ ಒಳಪ್ರವೇಶ ಇರುವ ಟಿಕೆಟ್ಟನ್ನೇ ತೆಗೆಯಿರಿ, ಇದೊಂದರಲ್ಲಿ ಉಳಿತಾಯ ಬೇಡ. ರೈಟ್ ವಿನ್ಯಾಸದ ಈ ಮನೆ 1910ರಲ್ಲಿ ಮುಗಿಯಿತು, 2019ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹೊರಗೆ ನಿಂತಾಗ ಇಟ್ಟಿಗೆ ಸಂದುಗಳನ್ನು ಹತ್ತಿರದಿಂದ ನೋಡಿ. ಅಡ್ಡ ಸಂದುಗಳನ್ನು ಒಳಕ್ಕೆ ಕೆರೆದು ನೆರಳು ಬೀಳಿಸಿದ್ದಾರೆ, ಉದ್ದ ಸಂದುಗಳಿಗೆ ಇಟ್ಟಿಗೆಯದೇ ಬಣ್ಣದ ಗಾರೆ ತುಂಬಿ ಮರೆಸಿದ್ದಾರೆ. ಹಾಗಾಗಿ ಇಡೀ ಮನೆ ನೆಲಕ್ಕೆ ಸಮನಾದ ಗೆರೆಗಳಾಗಿ ಮಲಗಿದಂತೆ ಕಾಣುತ್ತದೆ. ಉದ್ದನೆಯ ಮುಖ ದಕ್ಷಿಣಕ್ಕಿರುವುದರಿಂದ ಬಿಸಿಲಿರುವ ದಿನ ಹೆಚ್ಚು ಹೊತ್ತು ಬೆಳಕು ಚೆನ್ನ. ಮುಖ್ಯ ಕೋಣೆಗಳಿಗೆ ಮೆಟ್ಟಿಲು ಹತ್ತಬೇಕು. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ಮೊದಲೇ ಫೋನು ಮಾಡಿ ವಿಚಾರಿಸಿ. 1957ರಲ್ಲಿ ಇದನ್ನು ಕೆಡವುವ ಯೋಜನೆ ಇತ್ತು, ತೊಂಬತ್ತರ ಸಮೀಪದ ರೈಟ್ ತಾವೇ ಬಂದು ಪ್ರತಿಭಟಿಸಿದ್ದರು.

ಇಲ್ಲೇ ಜಾಕ್ಸನ್ ಪಾರ್ಕಿನಲ್ಲಿ 1893ರ ವಿಶ್ವ ಮೇಳ ನಡೆದದ್ದು. ಈಗ ವಿಜ್ಞಾನ ಮತ್ತು ಉದ್ಯಮ ಮ್ಯೂಸಿಯಂ ಇರುವುದು ಆ ಮೇಳದ ಕಲಾಭವನದಲ್ಲಿ. ಉಳಿದ ಬಿಳಿ ಅರಮನೆಗಳೆಲ್ಲ ತಾತ್ಕಾಲಿಕ ಗಾರೆಯವು, ನಾಶವಾದವು. ಕಲಾಕೃತಿಗಳಿಗೆ ಬೆಂಕಿಯ ಭಯವಿದ್ದದ್ದರಿಂದ ಇದೊಂದನ್ನು ಇಟ್ಟಿಗೆಯಲ್ಲಿ ಕಟ್ಟಿದ್ದರು. ವಿವೇಕಾನಂದರು ಮಾತಾಡಿದ್ದು ಇಲ್ಲೇ ಎಂದು ನಮ್ಮವರು ಹುಡುಕುವುದುಂಟು. ಸರ್ವಧರ್ಮ ಸಮ್ಮೇಳನ ಮೇಳದ ಅಂಗವಾಗಿದ್ದರೂ ನಡೆದದ್ದು ಊರ ನಡುವೆ, ಮಿಶಿಗನ್ ಅವೆನ್ಯೂವಿನ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ. 1893ರ ಸೆಪ್ಟೆಂಬರ್ 11ರ ಭಾಷಣದ ಜಾಗ ಅದು. ಅದರೆದುರಿನ ರಸ್ತೆಗೆ ಸ್ವಾಮಿ ವಿವೇಕಾನಂದ ವೇ ಎಂಬ ಗೌರವನಾಮದ ಕಂದು ಫಲಕವಿದೆ. ಬಸ್ಸು ಮುಂದೆ ಹಾದರೂ ನಿಲ್ಲುವ ಭರವಸೆ ಇಲ್ಲ. ಸೆಂಟರಿನಿಂದ ಒಂದೂವರೆ ಕಿಲೋಮೀಟರೂ ಇಲ್ಲ, ನಡೆದು ಹೋಗಿ. ಆರ್ಟ್ ಇನ್‌ಸ್ಟಿಟ್ಯೂಟಿಗೆ ಎದುರಾಗಿ, ಮಿಶಿಗನ್ ಅವೆನ್ಯೂವಿನ ಪಶ್ಚಿಮ ಬದಿಯ ಕಟ್ಟಡಸಾಲು ಪೂರ್ವಕ್ಕೆ ಮುಖ ಮಾಡಿದೆ, ಬೆಳಿಗ್ಗೆ ಹೋದರೆ ಬಿಸಿಲು ನೇರ ಬೀಳುತ್ತದೆ. ಮಧ್ಯಾಹ್ನದ ಮೇಲೆ ಆ ಸಾಲೆಲ್ಲ ಕಪ್ಪು.

ಪುಲ್‌ಮನ್ ಬೇರೆಯೇ ಒಂದು ದಿನದ ಕೆಲಸ. ಲೂಪಿನಿಂದ ಇಪ್ಪತ್ತು ಕಿಲೋಮೀಟರಿನಷ್ಟು ದಕ್ಷಿಣ. ರೈಲು ಡಬ್ಬಿ ತಯಾರಿಸುವ ಜಾರ್ಜ್ ಪುಲ್‌ಮನ್ 1880ರಿಂದ ತನ್ನ ಕೆಲಸಗಾರರಿಗೆಂದೇ ಕಟ್ಟಿಸಿದ ಊರು. ಮಾಲೀಕನೇ ಮನೆಯೊಡೆಯನೂ ಆಗಿದ್ದ. 1893ರ ಹಣದ ಮುಗ್ಗಟ್ಟಿನಲ್ಲಿ ಕೂಲಿ ಕಡಿತವಾಯಿತು, ಬಾಡಿಗೆ ಇಳಿಯಲಿಲ್ಲ, 1894ರಲ್ಲಿ ಮುಷ್ಕರವಾಗಿ ದೇಶದ ರೈಲುಗಳೇ ನಿಂತವು. ಬೀದಿಯಲ್ಲಿ ನಡೆದರೆ ಮೇಲಧಿಕಾರಿಯ ದೊಡ್ಡ ಮನೆಯಿಂದ ಕೂಲಿಯ ಇಕ್ಕಟ್ಟಾದ ಸಾಲುಮನೆಯವರೆಗೆ ಸಂಬಳದ ಏಣಿ ಇಟ್ಟಿಗೆಯಲ್ಲೇ ಓದಬಹುದು. ಈಗ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಗಡಿಯಾರ ಗೋಪುರದ ಕಟ್ಟಡದಲ್ಲಿ ಮಾಹಿತಿ ಕೇಂದ್ರವಿದೆ. ಮನೆಗಳಲ್ಲಿ ಜನ ವಾಸವಿದ್ದಾರೆ, ಕಿಟಕಿಯೊಳಗೆ ಕ್ಯಾಮೆರಾ ಹಿಡಿಯಬೇಡಿ.

ದಿನ ಆರಿಸುವಾಗ ಅಕ್ಟೋಬರಿನ ಎರಡನೇ ಭಾನುವಾರ ಬಿಡಿ, ಅಂದು ಮ್ಯಾರಥಾನ್. ಬೇಸಿಗೆಯಲ್ಲಿ ಗ್ರಾಂಟ್ ಪಾರ್ಕಿನ ಲೋಲಾಪಲೂಜಾ ಸಂಗೀತೋತ್ಸವದ ದಿನಗಳನ್ನೂ ಬಿಡಿ. ಸೋಲ್ಜರ್ ಫೀಲ್ಡಿನಲ್ಲಿ ಫುಟ್‌ಬಾಲ್ ಪಂದ್ಯವಿದ್ದರೆ ಸರೋವರದ ರಸ್ತೆ ಗಂಟೆಗಟ್ಟಲೆ ತುಂಬಿರುತ್ತದೆ. ತಡವಾದ ಸಮಯವನ್ನು ಮಾರ್ಗದರ್ಶಕರು ಇಳಿಯುವ ತಾಣಗಳಿಂದಲೇ ಕಡಿತ ಮಾಡಬೇಕಾಗುತ್ತದೆ. ವಸಂತ ಮತ್ತು ಶರತ್ಕಾಲದ ಕೆಲವು ನಿಗದಿತ ಬೆಳಿಗ್ಗೆಗಳಲ್ಲಿ ಹಾಯಿದೋಣಿಗಳಿಗಾಗಿ ನದಿಯ ಸೇತುವೆಗಳನ್ನು ಒಂದಾದ ಮೇಲೊಂದು ಎತ್ತುತ್ತಾರೆ, ಆಗ ಕಾರಿನಲ್ಲಿ ಬರುವವರು ತಡೆಗೆ ಸಿಗುತ್ತಾರೆ. ಡಿಸೆಂಬರಿನಲ್ಲಿ ನಾಲ್ಕೂವರೆಯೊಳಗೆ ಸೂರ್ಯ ಮುಳುಗುವುದರಿಂದ ಮಧ್ಯಾಹ್ನದ ಪ್ರವಾಸ ಬೇಡವೇ ಬೇಡ. ಮೇ ಕೊನೆಯಲ್ಲೂ ಸರೋವರದ ಬದಿ ಊರೊಳಗಿಗಿಂತ ತಣ್ಣಗಿರುತ್ತದೆ, ಇಳಿಯುವ ಕಡೆಗೆಂದು ಗಾಳಿ ತಡೆಯುವ ಜಾಕೆಟ್ ಇರಲಿ.

ಹತ್ತುವ ಮೊದಲು ಶೌಚಾಲಯ ಮುಗಿಸಿ, ಬಸ್ಸಿನಲ್ಲಿ ಇದ್ದೇ ಇರುತ್ತದೆಂದು ನಂಬಬೇಡಿ. ಬೆಳಿಗ್ಗೆ ಊರ ನಡುವೆ ಇದ್ದರೆ ಶಿಕಾಗೊ ಕಲ್ಚರಲ್ ಸೆಂಟರ್ (1897) ಹತ್ತಿರ. ಪ್ರವೇಶ ಉಚಿತ, ಮೇಲೆ 38 ಅಡಿ ಅಗಲದ ಟಿಫನಿ ಗಾಜಿನ ಗುಮ್ಮಟವನ್ನೂ ನೋಡಿ ಬರಬಹುದು. ಗಾಲಿಕುರ್ಚಿ ಬೇಕಿದ್ದವರು ಬುಕ್ ಮಾಡುವಾಗಲೇ ತಿಳಿಸಿ, ಲಿಫ್ಟ್ ಇರುವ ಬಸ್ಸನ್ನು ಅವರು ಮೊದಲೇ ತರಿಸಬೇಕು. ಇಳಿಯುವಾಗ ಚಾಲಕರಿಗೆ ತಲೆಗೆ ಐದು ಡಾಲರಿನಷ್ಟು ಟಿಪ್ ಕೊಡುವುದು ಮರ್ಯಾದೆ, ಚಿಲ್ಲರೆ ನೋಟು ಜೇಬಿನಲ್ಲಿರಲಿ.

ಟಿಕೆಟ್ ಸಿಗದಿದ್ದರೆ ರೈಲಿದೆ. ಮಿಲೇನಿಯಂ ಸ್ಟೇಷನ್ನಿನಿಂದ ಮೆಟ್ರಾ ಎಲೆಕ್ಟ್ರಿಕ್ ಹಿಡಿದು 59ನೇ ರಸ್ತೆಯಲ್ಲಿ ಇಳಿದರೆ ರೋಬಿ ಹೌಸ್‌ಗೆ ಸುಮಾರು ಒಂದು ಕಿಲೋಮೀಟರ್ ನಡಿಗೆ. ಅದೇ ದಾರಿಯಲ್ಲಿ 111ನೇ ರಸ್ತೆಯ ನಿಲ್ದಾಣ ಪುಲ್‌ಮನ್‌ನದು, ಆದರೆ ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ, ವೇಳಾಪಟ್ಟಿ ನೋಡಿಯೇ ಹತ್ತಿ. ಕ್ರೌನ್ ಹಾಲ್‌ಗೆ ನಗರ ರೈಲಿನ ಗ್ರೀನ್ ಲೈನಿನಲ್ಲಿ 35ನೇ ರಸ್ತೆಯ ನಿಲ್ದಾಣ. ಅಲ್ಲಿ ಇಳಿದು ಪ್ಲಾಟ್‌ಫಾರಂನಿಂದಲೇ ತಿರುಗಿ ನೋಡಿ: ವಾಸ್ತುಶಿಲ್ಪಿ ರೆಮ್ ಕೂಲ್‌ಹಾಸ್ 2003ರಲ್ಲಿ ಮುಗಿಸಿದ ವಿದ್ಯಾರ್ಥಿ ಭವನದ ಮೇಲೆ, ರೈಲಿನ ಸದ್ದು ಕೆಳಗಿಳಿಯದಂತೆ, ಹಳಿಯನ್ನೇ ಸುತ್ತಿಕೊಂಡ 530 ಅಡಿ ಉದ್ದದ ಉಕ್ಕಿನ ಕೊಳವೆ ಇದೆ.