ಜೇಬಲ್ಲಿದ್ದ ತೆನೆ

ಇವತ್ತು ಸೆಪ್ಟೆಂಬರ್ 8, ಮೊಂತಿ ಹಬ್ಬ, ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮಗೆ ಹೊಸ ಅಕ್ಕಿ ಊಟದ ದಿನ. ಬೇಳ ಊರಿನ ಇಗರ್ಜಿಯಲ್ಲಿ (ಚರ್ಚಲ್ಲಿ) ಪೂಜೆ ಮುಗಿಸಿ ಆಶೀರ್ವಾದದ ತೆನೆ ಶರ್ಟಿನ ಜೇಬಲ್ಲಿಟ್ಕೊಂಡು ಬರ್ತಿದ್ದೆ, ಮನೆಗೆ ಹೋಗಿ ಭತ್ತ ಸುಲಿದು ಹಾಲಿಗೆ ಹಾಕ್ಬೇಕು, ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಹಾಕಿದ್ದಾರೆ, ಮನಸ್ಸು ತುಂಬಿತ್ತು.

ಗುಡ್ಡೆ ಇಳಿಯುವಾಗ ಒಬ್ಬರು ಬಾಯಿಯ ಮನೆ ಕಾಣ್ತು, ನಮ್ಮಲ್ಲಿ ಹೆಂಗಸರನ್ನ ಗೌರವದಿಂದ ಬಾಯಿ ಅಂತ ಕರೆಯೋದು. ಅವರಿಗೆ ಕಾಲುನೋವು, ಈಸ್ಟರ್ ನಂತರ ಇಗರ್ಜಿಗೆ ಬರ್ಲಿಕ್ಕಾಗಿಲ್ಲ. ಮಕ್ಕಳೆಲ್ಲ ಗಲ್ಫಲ್ಲಿ. ಬರ್ತೇನೆ ಬಾಯಿ ಅಂತ ಫೋನಲ್ಲಿ ಎಷ್ಟು ಸಲ ಹೇಳಿದ್ದೇನೋ, ಹೋದದ್ದು ಒಂದು ಸಲವೂ ಇಲ್ಲ, ರಾತ್ರಿ ತೇರ್ಸ (ಜಪಮಾಲೆ) ಹೇಳುವಾಗ ಕಾಯಿಲೆಯವರಿಗೋಸ್ಕರ ಪ್ರಾರ್ಥನೆ ಮಾಡ್ತೇನೆ, ಅಷ್ಟೇ. ಯಾಕೋಬನ ಪತ್ರದ 2ನೇ ಅಧ್ಯಾಯದಲ್ಲಿ ಇದೇ ಉಂಟಲ್ಲ, ಹಸಿದವನಿಗೆ ಸಮಾಧಾನದಿಂದ ಹೋಗು ಅಂತ ಹೇಳಿ ಕೈಗೆ ಏನೂ ಕೊಡದೆ ಕಳಿಸೋದು. ಸಣ್ಣದಿರುವಾಗಿಂದ ಕೇಳಿದ ಮಾತು, ಇವತ್ತು ಎದೆಗೆ ಚುಚ್ಚಿತು.

ಹೋದೆ. ತೆನೆ ಕೊಟ್ಟೆ. ಹಣೆಗೆ ಒತ್ತಿಕೊಂಡ್ರು, ಸುಲಿಲಿಕ್ಕೆ ನೋಡಿದ್ರು, ಬೆರಳು ಮಡಚೋದಿಲ್ಲ. ನಾನೇ ಕೂತು ಉಗುರಲ್ಲಿ ಒಂದೊಂದೇ ಸುಲಿದೆ, ಎರಡು ಜೊಳ್ಳು ಬಿಟ್ಟು ಏಳು ಅಕ್ಕಿ ಸಿಕ್ಕಿತು, ಹಸಿರು ಬಣ್ಣ ಇನ್ನೂ ಹೋಗಿರ್ಲಿಲ್ಲ. ಸ್ಟೀಲ್ ಲೋಟದ ಹಾಲಿಗೆ ಹಾಕಿದೆ. ಅವರು ಕುಡೀಲಿಲ್ಲ, ಲೋಟ ನನ್ನ ಕಡೆ ಚಾಚಿದ್ರು.

"ಹೊಸ ಅಕ್ಕಿ ಒಬ್ಬಳೇ ತಿನ್ಲಿಕ್ಕಿಲ್ಲ ಮಗಾ, ಮನೆಯವರು ಒಟ್ಟಿಗೆ ಕೂತು ತಿನ್ನೋದು ಅದು."

ಮನೆಯವರು ಅಂದದ್ದು ನನ್ನನ್ನ.

ಇಬ್ರೂ ಕುಡಿದೆವು. ನಾಳೆ ಅವರಿಗೆ ಬಿಪಿ ಮಾತ್ರೆ ತರ್ಲಿಕ್ಕುಂಟು, ಮುಗಿದು ಎರಡು ದಿನ ಆಯ್ತಂತೆ, ಯಾರಿಗೆ ಹೇಳೋದು ಅಂತ ಸುಮ್ಮನಿದ್ರಂತೆ.