ಬೂಷ್ಟು ಹಿಡಿದ ಹುಲ್ಲು, ಸಂಜೆ ಜ್ವರ

ಬೀಡಿ ಸೇದದವರಿಗೂ ಶ್ವಾಸಕೋಶ ಹಾಳಾಗುತ್ತದೆ ಅಂದರೆ ನಮ್ಮೂರಲ್ಲಿ ಯಾರೂ ನಂಬುವುದಿಲ್ಲ. ನಮ್ಮ ದೊಡ್ಡಪ್ಪ ಬೀಡಿ ಮುಟ್ಟಿದವರೇ ಅಲ್ಲ. ಈಗ ಕೊಟ್ಟಿಗೆಯಿಂದ ಜಗಲಿಗೆ ಬರುವಷ್ಟರಲ್ಲಿ ಏದುಸಿರು.

ಕಾರಣ ಹುಲ್ಲು. ಒಕ್ಕಣೆ ಹೊತ್ತಿಗೆ ಮಳೆ ಹಿಡಿದರೆ ಹುಲ್ಲು ಸರಿಯಾಗಿ ಒಣಗಲ್ಲ, ಆದರೂ ದನಕ್ಕೆ ಬೇಕಲ್ವಾ, ಹಸಿ ಹಸಿಯಾಗೇ ಮೆದೆ ಒಟ್ಟಿಬಿಡುತ್ತೇವೆ. ಒಳಗೆ ಕಾವು ಹುಟ್ಟುತ್ತದೆ, ಕೈ ತೂರಿಸಿದರೆ ಗೊತ್ತಾಗುತ್ತದೆ. ಆ ಕಾವಿನಲ್ಲೇ ಬೆಳೆಯುವ ಸೂಕ್ಷ್ಮಜೀವಿಗಳಿವೆ. ಆಮೇಲೆ ಹುಲ್ಲು ಹಿರಿಯುವಾಗ ಕಪ್ಪಾದ ಪದರದಿಂದ ಬಿಳಿ ಪುಡಿ ಏಳುತ್ತದಲ್ಲ, ಕಮಟು ವಾಸನೆ, ಅದರಲ್ಲಿ ಇರುವುದು ಅವುಗಳ ಬೀಜಕಣ. ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಕೆಲವರ ಮೈಗೆ ಅದು ಒಗ್ಗುವುದಿಲ್ಲ, ಒಳಗೆ ಊತ ಬರುತ್ತದೆ. ಇಂಗ್ಲೆಂಡಿನ ರೈತರಲ್ಲಿ ಇದನ್ನು ಕ್ಯಾಂಪ್‌ಬೆಲ್ ಎಂಬ ವೈದ್ಯರು 1932ರಲ್ಲೇ ಗುರುತಿಸಿದ್ದರು. ಹೆಸರು ಫಾರ್ಮರ್ಸ್ ಲಂಗ್.

ತೊಂದರೆ ಏನೆಂದರೆ ಜ್ವರ ತಕ್ಷಣ ಬರಲ್ಲ, 4ರಿಂದ 8 ಗಂಟೆ ಬಿಟ್ಟು ಬರುತ್ತದೆ. ಬೆಳಿಗ್ಗೆ ಹುಲ್ಲು ಹಿರಿದರೆ ಸಂಜೆ ಚಳಿಜ್ವರ, ಒಣಕೆಮ್ಮು, ಎದೆ ಬಿಗಿತ. ಮಾತ್ರೆ ನುಂಗಿ ಮಲಗಿದರೆ ಒಂದೆರಡು ದಿನಕ್ಕೆ ಇಳಿಯುತ್ತದೆ, ಹುಲ್ಲಿನ ಮೇಲೆ ಅನುಮಾನ ಯಾರಿಗೆ ಬರಬೇಕು? ವರ್ಷಗಟ್ಟಲೆ ಹೀಗೇ ಆದರೆ ಶ್ವಾಸಕೋಶ ಕಲೆಗಟ್ಟಿ ಬಿರುಸಾಗುತ್ತದೆ. ಆ ಕಲೆ ವಾಪಸ್ ಹೋಗಲ್ಲ. ದೊಡ್ಡಪ್ಪನಿಗೆ ಮೊದಲು ಆಸ್ತಮಾ ಅಂದರು, ಆಮೇಲೆ ಕಫದಲ್ಲಿ ಏನೂ ಸಿಗದಿದ್ದರೂ ಟಿಬಿ ಮಾತ್ರೆ ಕೊಟ್ಟರು. ಏನು ಕೆಲಸ ಮಾಡ್ತೀರಿ ಅಂತ ಒಬ್ಬರೂ ಕೇಳಲಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಅಪರೂಪದ ಕಾಯಿಲೆ ಅನ್ನಬೇಡಿ. 2017ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ ಐಎಲ್‌ಡಿ (ಶ್ವಾಸಕೋಶ ಊದಿಕೊಂಡು ಕಲೆಗಟ್ಟುವ ಕಾಯಿಲೆಗಳ ಗುಂಪು) ಇದ್ದ 1,084 ರೋಗಿಗಳ ಪೈಕಿ ಸುಮಾರು ಶೇ 47 ಜನರಿಗೆ ಇದ್ದದ್ದು ಇದೇ ಜಾತಿಯ ಕಾಯಿಲೆ. ಹಳ್ಳಿಯ ಹುಲ್ಲಷ್ಟೇ ಅಲ್ಲ, ಪೇಟೆಯ ಏರ್ ಕೂಲರ್‌ನಿಂದಲೂ ಬರುತ್ತದೆ.

ಮೂಗಿಗೆ ಟವಲ್ ಸುತ್ತಿದರೆ ಸಾಲದು, ಆ ಕಣ ಅದರೊಳಗೆ ನುಸುಳುತ್ತದೆ. ಎನ್95 ಮಾಸ್ಕ್ ಹಾಕಿ, ಹಿರಿಯುವ ಮೊದಲು ಹುಲ್ಲಿಗೆ ಸ್ವಲ್ಪ ನೀರು ಚಿಮುಕಿಸಿ. ಕಾಯಿಲೆ ಬಂದವರು ಮಾತ್ರ ಮೆದೆ ಹತ್ತಿರ ಹೋಗಲೇಬಾರದು, ಎಷ್ಟೇ ಔಷಧಿ ತಗೊಂಡರೂ. ಡಾಕ್ಟರು ಕೇಳಲಿ ಅಂತ ಕಾಯಬೇಡಿ. “ಹುಲ್ಲು ಮುಟ್ಟಿದ ದಿನ ಸಂಜೆ ಜ್ವರ ಬರುತ್ತೆ” ಅಂತ ನೀವೇ ಹೇಳಿ, ಎದೆಯ ಸಿಟಿ ಸ್ಕ್ಯಾನ್ ಬೇಕಾ ಅಂತ ಕೇಳಿ.