ಗೇಮ್ ಪೆನ್‌ಡ್ರೈವ್‌ನಲ್ಲಿದೆ, ಸೇವ್ ಫೈಲ್ ಎಲ್ಲಿದೆ?

ಕಂಪ್ಯೂಟರ್ ಸರ್ವಿಸ್ ಕೆಲಸದಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: "ಸಿ ಡ್ರೈವ್ ತುಂಬಿದೆ. ಗೇಮನ್ನು ಪೆನ್‌ಡ್ರೈವ್‌ಗೆ ಹಾಕಿ ಅಲ್ಲಿಂದಲೇ ಆಡಬಹುದಾ?" ಆಡಬಹುದು. ಆದರೆ ಫೋಲ್ಡರ್ ಕಾಪಿ ಮಾಡಿದ ಮಾತ್ರಕ್ಕೆ ಗೇಮ್ ಪೂರ್ತಿ ಬಂತು ಅಂದುಕೊಳ್ಳಬೇಡಿ.

ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಆದ ಗೇಮ್ ಸಾಮಾನ್ಯವಾಗಿ ಒಂದೇ ಕಡೆ ಇರುವುದಿಲ್ಲ. ದೊಡ್ಡ ಫೈಲ್‌ಗಳೆಲ್ಲ ಅದರ ಫೋಲ್ಡರ್‌ನಲ್ಲಿರುತ್ತವೆ. ಅದು ಯಾವ ಡ್ರೈವ್‌ನಲ್ಲಿದೆ ಎಂಬ ವಿವರ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ಕಡತದಲ್ಲಿರುತ್ತದೆ. ಗೇಮ್ ಓಡಲು ಬೇಕಾದ ಡೈರೆಕ್ಟ್‌ಎಕ್ಸ್, ವಿಷುಯಲ್ ಸಿ ಪ್ಲಸ್ ಪ್ಲಸ್ ಎಂಬ ಸಹಾಯಕ ಫೈಲ್‌ಗಳು (ಡಿಎಲ್‌ಎಲ್‌ಗಳು) ವಿಂಡೋಸ್ ಜೊತೆ ಸೇರಿಕೊಂಡಿರುತ್ತವೆ. ಅದಕ್ಕೇ ಇನ್ನೊಂದು ಕಂಪ್ಯೂಟರ್‌ಗೆ ಚುಚ್ಚಿದಾಗ ಡಿಎಲ್‌ಎಲ್ ಸಿಗುತ್ತಿಲ್ಲ ಎಂಬ ಎರರ್ ಬರುವುದು.

ಇನ್ನು ಸೇವ್ ಫೈಲ್, ಅಂದರೆ ಆಟದಲ್ಲಿ ಎಲ್ಲಿವರೆಗೆ ಬಂದಿದ್ದೀರಿ ಎಂಬುದು ಉಳಿಯುವ ಫೈಲ್. ಬಹಳಷ್ಟು ಗೇಮ್‌ಗಳು ಅದನ್ನು ಡಾಕ್ಯುಮೆಂಟ್ಸ್‌ನಲ್ಲೋ ಆಪ್‌ಡೇಟಾದಲ್ಲೋ ಇಡುತ್ತವೆ. ಅಂದರೆ ಸಿ ಡ್ರೈವ್‌ನಲ್ಲೇ. ಒಮ್ಮೆ ಒಬ್ಬರು ಮಗನ ಕಂಪ್ಯೂಟರ್ ತಂದು, "ಗೇಮೆಲ್ಲ ಹೊರಗಿನ ಡ್ರೈವ್‌ನಲ್ಲಿದೆ, ಧೈರ್ಯವಾಗಿ ಫಾರ್ಮ್ಯಾಟ್ ಮಾಡಿ" ಅಂದರು. ನಾನು ಮೊದಲು ಆಪ್‌ಡೇಟಾ ತೆಗೆದು ನೋಡಿದೆ. ಆ ಹುಡುಗ ತಿಂಗಳುಗಟ್ಟಲೆ ಆಡಿದ್ದೆಲ್ಲ ಅಲ್ಲೇ ಇತ್ತು. ಆಪ್‌ಡೇಟಾ ಸಾಮಾನ್ಯವಾಗಿ ಕಣ್ಣಿಗೆ ಕಾಣದ ಫೋಲ್ಡರ್, ಅವರಿಗೆ ಗೊತ್ತಾಗುವುದಾದರೂ ಹೇಗೆ? ಅದನ್ನು ಬೇರೆ ಕಡೆ ಕಾಪಿ ಮಾಡಿಟ್ಟ ಮೇಲೆಯೇ ಫಾರ್ಮ್ಯಾಟ್‌ಗೆ ಕೈ ಹಾಕಿದೆ. ಗೇಮ್ ಮತ್ತೆ ಡೌನ್‌ಲೋಡ್ ಆಗುತ್ತದೆ, ಆಡಿದ್ದು ಆಗುವುದಿಲ್ಲ ಅಲ್ವಾ? ಕೆಲವು ಗೇಮ್‌ಗಳಿಗೆ ಕ್ಲೌಡ್ ಸೇವ್ ಇದೆ (ಆಡಿದ್ದು ಇಂಟರ್ನೆಟ್‌ನಲ್ಲೂ ಉಳಿಯುತ್ತದೆ), ಎಲ್ಲಕ್ಕೂ ಇಲ್ಲ. ಕೇಳಿ ಖಚಿತ ಮಾಡಿಕೊಳ್ಳುವುದೇ ಕ್ಷೇಮ.

ಗೇಮ್ ಕೊಂಡು ಆಡಿಸುವ ಸ್ಟೀಮ್ ಎಂಬ ಲಾಂಚರ್ ಬಳಸುವವರು ಕೈಯಿಂದ ಕಾಪಿ ಮಾಡುವುದೇ ಬೇಡ. ಅದರ ಸೆಟ್ಟಿಂಗ್ಸ್‌ನ ಸ್ಟೋರೇಜ್‌ನಲ್ಲಿ ಹೊಸ ಡ್ರೈವ್ ಸೇರಿಸಿ, ಗೇಮನ್ನು ಅಲ್ಲಿಂದಲೇ ಮೂವ್ ಮಾಡಿ. ಕಂಪ್ಯೂಟರ್ ಫಾರ್ಮ್ಯಾಟ್ ಆದ ಮೇಲೂ ಅದೇ ಡ್ರೈವನ್ನು ಮತ್ತೆ ಸೇರಿಸಿದರೆ ಗೇಮ್ ಸಿಗುತ್ತದೆ. ಇನ್ನೊಂದು ತೊಂದರೆ ಡ್ರೈವ್ ಲೆಟರ್, ಅಂದರೆ ವಿಂಡೋಸ್ ಡ್ರೈವ್‌ಗೆ ಕೊಡುವ ಅಕ್ಷರ. ಇವತ್ತು ಇ ಅಂತ ಬಂದದ್ದು ನಾಳೆ ಎಫ್ ಆದರೆ ಶಾರ್ಟ್‌ಕಟ್ ಕೆಲಸ ಮಾಡುವುದಿಲ್ಲ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಇಂಗ್ಲಿಷ್ ಅಕ್ಷರಮಾಲೆಯ ಕೊನೆಯ ಕಡೆಯ ಒಂದು ಅಕ್ಷರ ಕೊಟ್ಟುಬಿಡಿ.

ಪೆನ್‌ಡ್ರೈವ್‌ನ ಫಾರ್ಮ್ಯಾಟ್ (ಫೈಲ್‌ಗಳನ್ನು ಜೋಡಿಸಿಡುವ ವಿಧಾನ) ಎಫ್‌ಎಟಿ32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಅದನ್ನು ಎನ್‌ಟಿಎಫ್‌ಎಸ್ ಫಾರ್ಮ್ಯಾಟ್ ಮಾಡಿಕೊಳ್ಳಿ, ಒಳಗಿರುವುದನ್ನು ಮೊದಲು ತೆಗೆದಿಟ್ಟು.

ವೇಗದ ವಿಷಯದಲ್ಲಿ ನನ್ನ ಅಭಿಪ್ರಾಯ ನೇರ: ದೊಡ್ಡ ಗೇಮ್‌ಗೆ ಪೆನ್‌ಡ್ರೈವ್ ಬೇಡ, ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ತೆಗೆದುಕೊಳ್ಳಿ. ಯುಎಸ್‌ಬಿ 3.0 ಪೋರ್ಟ್ ಸೆಕೆಂಡಿಗೆ 5 ಗಿಗಾಬಿಟ್ ಸಾಗಿಸಬಲ್ಲದು, 2.0 ಬರೀ 480 ಮೆಗಾಬಿಟ್. ಆದರೆ ಪೋರ್ಟ್ ಎಷ್ಟೇ ವೇಗವಾಗಿದ್ದರೂ, ಸಾವಿರಾರು ಚಿಕ್ಕ ಚಿಕ್ಕ ತುಣುಕುಗಳನ್ನು ಅಲ್ಲಲ್ಲಿಂದ ಓದುವಾಗ ಸಾಮಾನ್ಯ ಪೆನ್‌ಡ್ರೈವ್ ತಿಣುಕುತ್ತದೆ. ಲೋಡಿಂಗ್ ಜಾಸ್ತಿ ಹೊತ್ತು ಹಿಡಿಯುತ್ತದೆ, ಆಟದ ನಡುವೆ ಹೊಸ ಜಾಗಕ್ಕೆ ಹೋದಾಗ ಚಿತ್ರ ತಡೆತಡೆದು ಬರುತ್ತದೆ. ಹಳೆಯ, ಚಿಕ್ಕ ಗೇಮ್‌ಗಳಾದರೆ ಪೆನ್‌ಡ್ರೈವ್ ಧಾರಾಳವಾಗಿ ಸಾಕು.

ಆಡುವಾಗ ಡ್ರೈವ್ ಕೀಳಬೇಡಿ, ಗೇಮ್ ಅಲ್ಲೇ ಕ್ರ್ಯಾಶ್ ಆಗುತ್ತದೆ. ಮುಗಿದ ಮೇಲೆ ಗೇಮ್ ಮತ್ತು ಲಾಂಚರ್ ಎರಡನ್ನೂ ಮುಚ್ಚಿ, ಇಜೆಕ್ಟ್ ಕೊಟ್ಟು ತೆಗೆಯಿರಿ. ಲಾಂಚರ್ ತೆರೆಮರೆಯಲ್ಲಿ ಅಪ್‌ಡೇಟ್ ಬರೆಯುತ್ತಿರಬಹುದು.